ಪೆನ್‌ಡ್ರೈವ್ ಎಂದೂ ರ‍್ಯಾಮ್ ಆಗುವುದಿಲ್ಲ

ಕಂಪ್ಯೂಟರ್ ಸ್ಲೋ ಆಗಿದೆ ಎಂದು ನಾಲ್ಕು ಜನರ ನಡುವೆ ಹೇಳಿ ನೋಡಿ. ಅವರಲ್ಲಿ ಒಬ್ಬರಾದರೂ 'ಒಂದು ಪೆನ್‌ಡ್ರೈವ್ ಹಾಕಿ ಬಿಡಿ, ಅದೇ ರ‍್ಯಾಮ್ ಥರ ಕೆಲಸ ಮಾಡುತ್ತೆ' ಎನ್ನುತ್ತಾರೆ. ರಿಪೇರಿ ಅಂಗಡಿಗಳಲ್ಲಿ, ಹಾಸ್ಟೆಲ್ ಕೋಣೆಗಳಲ್ಲಿ, ಲಕ್ಷಗಟ್ಟಲೆ ಜನ ನೋಡುವ ವಿಡಿಯೊಗಳಲ್ಲಿ ಈ ಮಾತು ಸುಮಾರು ಎರಡು ದಶಕಗಳಿಂದ ಓಡಾಡುತ್ತಿದೆ. ಹೇಳುವವರಿಗೆ ಕೆಟ್ಟ ಉದ್ದೇಶವಿಲ್ಲ, ಕೇಳುವವರಿಗೆ ಖರ್ಚು ಕಡಿಮೆ. ಹಾಗಾಗಿ ಯಾರೂ ಅದನ್ನು ಪ್ರಶ್ನಿಸಲು ಹೋಗುವುದಿಲ್ಲ. ನಾನು ಪ್ರಶ್ನಿಸುತ್ತೇನೆ. ಪೆನ್‌ಡ್ರೈವ್ ರ‍್ಯಾಮ್ ಆಗುವುದಿಲ್ಲ, ಎಂದೂ ಆಗಿರಲಿಲ್ಲ. 2007ರ ಸುಮಾರಿನ ಒಂದು ಬಗೆಯ ಕಂಪ್ಯೂಟರಿಗೆ ಅದರಿಂದ ಸ್ವಲ್ಪ ಉಪಕಾರವಾಗುತ್ತಿತ್ತು ಎಂಬುದಷ್ಟೇ ನಿಜ. ಅಷ್ಟು ನಿಜವನ್ನು ಹಿಡಿದು ಇಂದಿನ ಯಂತ್ರಗಳಿಗೂ ಅದೇ ಮದ್ದು ಕೊಡುತ್ತಿರುವುದರಿಂದ ಕಾಯಿಲೆ ಒಳಗೇ ಬೆಳೆಯುತ್ತಿದೆ. ಅದರ ನಷ್ಟ ಬೀಳುವುದು ಹೊಸ ಕಂಪ್ಯೂಟರ್ ಕೊಳ್ಳಲಾಗದವರ ತಲೆಯ ಮೇಲೆ.

ಈ ನಂಬಿಕೆಗೆ ಒಂದು ಹುಟ್ಟು ಇದೆ. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ ವಿಸ್ತಾವನ್ನು ಜನಸಾಮಾನ್ಯರಿಗೆ ಬಿಡುಗಡೆ ಮಾಡಿದ್ದು 2007ರ ಜನವರಿ 30ರಂದು. ಅದರ ಜೊತೆ 'ರೆಡಿಬೂಸ್ಟ್' ಎಂಬ ಸೌಲಭ್ಯ ಬಂತು. ವಿಸ್ತಾ ನಡೆಯಲು ಕನಿಷ್ಠ 512 ಎಂಬಿ ರ‍್ಯಾಮ್ ಸಾಕೆಂದು ಕಂಪನಿ ಹೇಳಿತ್ತು. ಅಷ್ಟರಲ್ಲಿ ವಿಸ್ತಾ ತೆವಳುತ್ತಿತ್ತು. ರ‍್ಯಾಮ್ ಸಾಲದೆ ಹೋದಾಗ ಕಂಪ್ಯೂಟರ್ ಪದೇ ಪದೇ ಹಾರ್ಡ್ ಡಿಸ್ಕಿನ ಬಳಿ ಹೋಗಬೇಕಾಗುತ್ತದೆ, ಹಾರ್ಡ್ ಡಿಸ್ಕ್ ಎಂದರೆ ತಿರುಗುವ ತಟ್ಟೆ. ಅಂದಿನ ಲ್ಯಾಪ್‌ಟಾಪುಗಳಲ್ಲಿ ಅದು ನಿಮಿಷಕ್ಕೆ 5,400 ಸುತ್ತು ಸುತ್ತುತ್ತಿತ್ತು. ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಅದನ್ನು ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ಆ ತಲೆ ಸರಿಯಾದ ಪಥಕ್ಕೆ ಸರಿಯಬೇಕು. ಎರಡೂ ಸೇರಿದರೆ ಒಂದು ಚಿಕ್ಕ ತುಣುಕು ಓದಲು ಹದಿನೈದು ಮಿಲಿಸೆಕೆಂಡಿನಷ್ಟು ಹಿಡಿಯುತ್ತದೆ. ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಇಂಥ ತುಣುಕುಗಳು ಸೆಕೆಂಡಿಗೆ ಎಪ್ಪತ್ತು ಸಿಕ್ಕರೆ ಹೆಚ್ಚು.

ಪೆನ್‌ಡ್ರೈವಿನಲ್ಲಿ ತಿರುಗುವ ಭಾಗವೇ ಇಲ್ಲ. ಅದು ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಚಿಕ್ಕ ತುಣುಕನ್ನು ಕೊಡಬಲ್ಲದು. ಮೈಕ್ರೋಸಾಫ್ಟ್ ಎಂಜಿನಿಯರುಗಳು ಹಿಡಿದದ್ದು ಈ ವ್ಯತ್ಯಾಸವನ್ನು. ರೆಡಿಬೂಸ್ಟಿಗೆ ಒಪ್ಪಿಗೆಯಾಗಬೇಕಾದರೆ ಪೆನ್‌ಡ್ರೈವ್ 4 ಕೆಬಿ ತುಣುಕುಗಳನ್ನು ಸೆಕೆಂಡಿಗೆ 2.5 ಎಂಬಿ ವೇಗದಲ್ಲಿ ಓದಬೇಕು, 512 ಕೆಬಿ ತುಣುಕುಗಳನ್ನು 1.75 ಎಂಬಿ ವೇಗದಲ್ಲಿ ಬರೆಯಬೇಕು ಎಂದು ನಿಯಮ ಮಾಡಿದರು. ಲೆಕ್ಕ ಹಾಕಿದರೆ ಸೆಕೆಂಡಿಗೆ 640 ಚಿಕ್ಕ ಓದುಗಳು. ಹಾರ್ಡ್ ಡಿಸ್ಕಿನ ಎಪ್ಪತ್ತರ ಎದುರು ಇದು ದೊಡ್ಡ ಸಂಖ್ಯೆಯೇ. ಆದರೆ ಸಾಲಾಗಿ ಜೋಡಿಸಿದ ದೊಡ್ಡ ಫೈಲನ್ನು ಓದುವುದರಲ್ಲಿ ಅಂದಿನ ಹಾರ್ಡ್ ಡಿಸ್ಕೇ ಪೆನ್‌ಡ್ರೈವಿಗಿಂತ ಮುಂದಿತ್ತು. ಆದ್ದರಿಂದ ರೆಡಿಬೂಸ್ಟ್ ದೊಡ್ಡ ಓದುಗಳನ್ನು ಪೆನ್‌ಡ್ರೈವಿನ ಕಡೆ ಕಳಿಸುತ್ತಲೇ ಇರಲಿಲ್ಲ, ನೇರ ಡಿಸ್ಕಿಗೆ ಬಿಡುತ್ತಿತ್ತು. ಪೆನ್‌ಡ್ರೈವಿನ ಮೇಲೆ ಇಡುತ್ತಿದ್ದದ್ದು ಡಿಸ್ಕಿನಲ್ಲಿರುವ ಕೆಲವು ತುಣುಕುಗಳ ನಕಲನ್ನು ಮಾತ್ರ. ಮೂಲ ಡಿಸ್ಕಿನಲ್ಲೇ ಭದ್ರವಾಗಿರುತ್ತಿತ್ತು. ಪೆನ್‌ಡ್ರೈವನ್ನು ನಡುವೆ ಕಿತ್ತುಕೊಂಡರೂ ಏನೂ ಹಾಳಾಗಬಾರದು ಎಂಬ ಎಚ್ಚರಿಕೆ ಅದರಲ್ಲಿತ್ತು. ಕದ್ದೊಯ್ದವರಿಗೆ ಓದಲಾಗದಂತೆ ಎಲ್ಲವನ್ನೂ ಗೂಢಲಿಪಿಯಲ್ಲಿ ಬರೆಯುತ್ತಿತ್ತು. ಒಳ್ಳೆಯ ಎಂಜಿನಿಯರಿಂಗ್ ಅದು. ಅದನ್ನು ರೂಪಿಸಿದವರ ಮೇಲೆ ನನಗೆ ಗೌರವವಿದೆ, ನನ್ನ ಜಗಳ ಅವರೊಂದಿಗೆ ಅಲ್ಲ.

ಜಗಳ ಇರುವುದು ಅಲ್ಲಿಂದ ಮುಂದಿನ ಜಿಗಿತದೊಂದಿಗೆ. 'ಡಿಸ್ಕಿನ ಕೆಲವು ತುಣುಕುಗಳ ನಕಲನ್ನು ಇಡುತ್ತದೆ' ಎಂಬ ಮಾತು ಬಾಯಿಂದ ಬಾಯಿಗೆ ಹೋಗುತ್ತ 'ರ‍್ಯಾಮ್ ಹೆಚ್ಚಿಸುತ್ತದೆ' ಎಂದಾಯಿತು. ಇವೆರಡೂ ಒಂದೇ ಅಲ್ಲ. ಪ್ರೊಸೆಸರ್ ಕೆಲಸ ಮಾಡುವುದು ರ‍್ಯಾಮಿನಲ್ಲಿರುವುದರ ಮೇಲೆ ಮಾತ್ರ. ಪೆನ್‌ಡ್ರೈವಿನಲ್ಲಿರುವ ತುಣುಕು ಮೊದಲು ರ‍್ಯಾಮಿಗೆ ಬರಬೇಕು, ಅಲ್ಲಿ ಜಾಗವಿಲ್ಲದಿದ್ದರೆ ಇನ್ನೇನನ್ನೋ ಹೊರಗೆ ತಳ್ಳಬೇಕು. ದಿನಸಿ ಅಂಗಡಿಯ ಕಟ್ಟೆ ಚಿಕ್ಕದಾಗಿದ್ದರೆ, ಊರಾಚೆಯ ಗೋದಾಮಿನ ಬದಲು ಎದುರು ಬೀದಿಯಲ್ಲಿ ಒಂದು ಮಳಿಗೆ ಹಿಡಿದಂತೆ ಇದು. ಓಡಾಟ ಕಡಿಮೆಯಾಗಬಹುದು, ಕಟ್ಟೆ ದೊಡ್ಡದಾಗುವುದಿಲ್ಲ. ರ‍್ಯಾಮಿನಿಂದ ಮಾಹಿತಿ ಸಿಗಲು ಸುಮಾರು ನೂರು ನ್ಯಾನೊಸೆಕೆಂಡ್ ಸಾಕು. ಪೆನ್‌ಡ್ರೈವಿಗೆ ಒಂದು ಮಿಲಿಸೆಕೆಂಡ್ ಎಂದಿಟ್ಟುಕೊಂಡರೂ ನಡುವಿನ ಅಂತರ ಹತ್ತು ಸಾವಿರ ಪಟ್ಟು. ಹತ್ತು ಸಾವಿರ ಪಟ್ಟು ನಿಧಾನವಾದುದನ್ನು 'ರ‍್ಯಾಮ್ ಥರ' ಎನ್ನುವುದು ತಪ್ಪು ಮಾಹಿತಿ.

ವಿಸ್ತಾ ಹೊಸದಾಗಿದ್ದಾಗ ನಡೆದ ಒಂದು ಪರೀಕ್ಷೆಯ ಅಂಕಿಗಳನ್ನು ರೆಡಿಬೂಸ್ಟಿನ ಪರ ಮಾತಾಡುವವರು ಆಗಾಗ ಎತ್ತುತ್ತಾರೆ. 512 ಎಂಬಿ ರ‍್ಯಾಮಿನ ಯಂತ್ರದಲ್ಲಿ 11.7 ಸೆಕೆಂಡ್ ಹಿಡಿಯುತ್ತಿದ್ದ ಒಂದು ಕೆಲಸ ರೆಡಿಬೂಸ್ಟ್ ಹಾಕಿದ ಮೇಲೆ 2 ಸೆಕೆಂಡಿಗೆ ಇಳಿಯಿತು. ನಿಜ. ಆದರೆ ಅದೇ ಪರೀಕ್ಷೆಯ ಮುಂದಿನ ಸಾಲನ್ನು ಅವರು ಬಿಟ್ಟುಬಿಡುತ್ತಾರೆ. ರೆಡಿಬೂಸ್ಟ್ ಇಲ್ಲದೆ ರ‍್ಯಾಮನ್ನು 1 ಜಿಬಿ ಮಾಡಿದಾಗ ಅದೇ ಕೆಲಸ 0.8 ಸೆಕೆಂಡಿನಲ್ಲಿ ಮುಗಿಯಿತು. ಪೆನ್‌ಡ್ರೈವಿಗೆ ಅತ್ಯಂತ ಅನುಕೂಲವಾದ ಅಂಗಳದಲ್ಲಿ, ಅತ್ಯಂತ ಬಡವಾದ ಯಂತ್ರದಲ್ಲಿ, ಪೆನ್‌ಡ್ರೈವ್ ಮಾಡಿದ ಅತ್ಯುತ್ತಮ ಸಾಧನೆಯನ್ನೂ ಒಂದು ರ‍್ಯಾಮ್ ಪಟ್ಟಿ ಎರಡೂವರೆ ಪಟ್ಟು ಮೀರಿಸಿತು. ಅದೂ 2007ರಲ್ಲಿ.

'ನಾನೇ ಹಾಕಿ ನೋಡಿದ್ದೇನೆ, ಸ್ಪೀಡ್ ಆಯ್ತು' ಎನ್ನುವವರು ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರು ಏನು ಮಾಡಿದರು ಎಂಬುದನ್ನು ಬಿಡಿಸಿ ಕೇಳಿದರೆ ಕಾರಣ ಸಿಗುತ್ತದೆ. ಸಾಮಾನ್ಯವಾಗಿ ಒಂದು ಪ್ರೋಗ್ರಾಮ್ ತೆರೆದು 'ನೋಡಿ ಎಷ್ಟು ಹೊತ್ತು' ಎನ್ನುತ್ತಾರೆ. ಪೆನ್‌ಡ್ರೈವ್ ಹಾಕಿ, ಅದೇ ಪ್ರೋಗ್ರಾಮನ್ನು ಮತ್ತೆ ತೆರೆಯುತ್ತಾರೆ. ಎರಡನೇ ಸಲ ಬೇಗ ತೆರೆಯುತ್ತದೆ. ಪೆನ್‌ಡ್ರೈವ್ ಇಲ್ಲದಿದ್ದರೂ ಬೇಗ ತೆರೆಯುತ್ತಿತ್ತು! ಒಮ್ಮೆ ತೆರೆದ ಪ್ರೋಗ್ರಾಮಿನ ಭಾಗಗಳನ್ನು ವಿಂಡೋಸ್ ರ‍್ಯಾಮಿನ ಖಾಲಿ ಜಾಗದಲ್ಲಿ ಉಳಿಸಿಕೊಂಡಿರುತ್ತದೆ, ಎರಡನೇ ಸಲ ಡಿಸ್ಕಿಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಇನ್ನು ಕೆಲವರು ಪೆನ್‌ಡ್ರೈವ್ ಹಾಕುವ ನೆಪದಲ್ಲಿ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿರುತ್ತಾರೆ, ಬೇಡದ ಪ್ರೋಗ್ರಾಮುಗಳನ್ನು ತೆಗೆದಿರುತ್ತಾರೆ, ಟೆಂಪ್ ಫೈಲುಗಳನ್ನು ಅಳಿಸಿ ಡಿಸ್ಕಿನಲ್ಲಿ ಜಾಗ ಮಾಡಿರುತ್ತಾರೆ. ಕೆಲಸ ಮಾಡಿದ್ದು ಅವು, ಹೆಸರು ಬಂದದ್ದು ಪೆನ್‌ಡ್ರೈವಿಗೆ.

ತಾಲ್ಲೂಕು ಕಚೇರಿಯ ಪಕ್ಕದ ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಯಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಸಿಪಿಯು ಹಿಂಭಾಗದಲ್ಲಿ ಒಂದು ಪೆನ್‌ಡ್ರೈವ್ ಧೂಳು ಹಿಡಿದು ಕೂತಿತ್ತು, ಅದರ ಕೆಂಪು ದೀಪ ಮಿಣುಕುತ್ತಿತ್ತು. ನಾನು ಫೈಲ್ ಕೊಡಲೆಂದು ಆ ಕಡೆ ಕೈ ಹಾಕಿದೆ. 'ಅದನ್ನ ತೆಗೀಬೇಡಿ ಸರ್, ಸ್ಪೀಡಿಗೆ ಅಂತ ಹಾಕ್ಸಿರೋದು' ಎಂದರು ಟೈಪ್ ಮಾಡುತ್ತಿದ್ದ ಹೆಣ್ಣುಮಗಳು. ಎದುರಿಗೆ ಸೇವಾ ಸಿಂಧು ಅರ್ಜಿಯ ಪುಟ ತೆರೆಯುತ್ತಲೇ ಇತ್ತು, ಹಿಂದೆ ಏಳೆಂಟು ಜನರ ಸಾಲು. ಅವರ ಒಪ್ಪಿಗೆ ಕೇಳಿ ಪೆನ್‌ಡ್ರೈವಿನ ಪ್ರಾಪರ್ಟೀಸ್ ತೆರೆದು ರೆಡಿಬೂಸ್ಟ್ ಟ್ಯಾಬ್ ಒತ್ತಿದೆವು. ಕಂಪ್ಯೂಟರಿನ ವೇಗ ಹೆಚ್ಚಿಸಲು ಬೇಕಾದ ಸಾಮರ್ಥ್ಯ ಈ ಸಾಧನಕ್ಕೆ ಇಲ್ಲ ಎಂದು ವಿಂಡೋಸ್ ಅಲ್ಲಿ ಬರೆದಿತ್ತು. ಅಂದರೆ ಆ ಪೆನ್‌ಡ್ರೈವನ್ನು ವಿಂಡೋಸ್ ಮುಟ್ಟಿಯೇ ಇರಲಿಲ್ಲ. ದೀಪ ಮಿಣುಕುತ್ತಿದ್ದದ್ದು ಆಂಟಿವೈರಸ್ ಅದನ್ನು ತಪಾಸಣೆ ಮಾಡುವಾಗ. ಅಂಥ ಆಂಟಿವೈರಸ್‌ಗಳು ಒಂದಲ್ಲ, ಎರಡು ಇದ್ದವು. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ನೂರಕ್ಕೆ ನೂರು ತೋರಿಸುತ್ತಿತ್ತು, 4 ಜಿಬಿ ರ‍್ಯಾಮಿನಲ್ಲಿ ಮೂರೂವರೆ ತುಂಬಿತ್ತು. ಒಂದು ಆಂಟಿವೈರಸ್ ತೆಗೆದು, ಕಂಪ್ಯೂಟರ್ ಆನ್ ಆದ ಕೂಡಲೇ ತಾವಾಗಿ ಏಳುತ್ತಿದ್ದ ಪ್ರೋಗ್ರಾಮುಗಳನ್ನು ನಿಲ್ಲಿಸಿದ ಮೇಲೆ ಪುಟ ತೆರೆದುಕೊಂಡಿತು. ಸ್ಪೀಡಿಗೆಂದು ಆ ಪೆನ್‌ಡ್ರೈವ್ ಹಾಕಿದವರು ಅದಕ್ಕೆ ಹಣವನ್ನೂ ತೆಗೆದುಕೊಂಡಿದ್ದರು. ಅಷ್ಟು ದಿನ ಸಾಲಿನಲ್ಲಿ ನಿಂತು ಕಾದವರ ಸಮಯಕ್ಕೆ ಲೆಕ್ಕ ಕೊಡುವವರು ಯಾರು?

ವಿಂಡೋಸ್ ಒಪ್ಪಿಕೊಳ್ಳುವಂಥ ಪೆನ್‌ಡ್ರೈವನ್ನೇ ಹಾಕಿದರೂ ನಮ್ಮ ಊರುಗಳಲ್ಲಿ ಅದರ ಉಪಯೋಗ ಇನ್ನೂ ಕಡಿಮೆ. ವಿಂಡೋಸಿನ ಒಳರಚನೆಯ ಬಗ್ಗೆ ಬರೆದು ಪ್ರಸಿದ್ಧರಾದ ಮಾರ್ಕ್ ರುಸಿನೊವಿಚ್ 2007ರಲ್ಲೇ ವಿವರಿಸಿದಂತೆ, ವಿಸ್ತಾದ ರೆಡಿಬೂಸ್ಟ್ ಪೆನ್‌ಡ್ರೈವಿನಲ್ಲಿ ಬರೆಯುವ ಗೂಢಲಿಪಿಯ ಕೀಲಿ ಕಂಪ್ಯೂಟರ್ ಪ್ರತಿ ಸಲ ಬೂಟ್ ಆದಾಗ ಹೊಸದಾಗಿ ಹುಟ್ಟುತ್ತದೆ. ಕಂಪ್ಯೂಟರ್ ಆಫ್ ಆದರೆ ಹಳೆಯ ಕೀಲಿ ಹೋಯಿತು, ಪೆನ್‌ಡ್ರೈವಿನಲ್ಲಿದ್ದ ನಕಲುಗಳೆಲ್ಲ ವ್ಯರ್ಥ. ಮತ್ತೆ ಮೊದಲಿನಿಂದ ತುಂಬಬೇಕು. ಹಗಲೂ ರಾತ್ರಿ ಉರಿಯುವ ಕಂಪ್ಯೂಟರಿಗೆ ಇದು ಸಮಸ್ಯೆಯಲ್ಲ. ಬೆಳಿಗ್ಗೆ ಆನ್ ಮಾಡಿ, ಮಧ್ಯಾಹ್ನ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಕೈಕೊಟ್ಟು, ಸಂಜೆ ಮತ್ತೆ ಆನ್ ಮಾಡುವ ಕಡೆ ಪೆನ್‌ಡ್ರೈವ್ ದಿನವಿಡೀ ತುಂಬಿಕೊಳ್ಳುತ್ತಲೇ ಇರಬೇಕಾಗುತ್ತದೆ.

ರೆಡಿಬೂಸ್ಟಿಗಿಂತ ಕೆಟ್ಟದ್ದು ಅದರ ಹೆಸರಿನಲ್ಲಿ ಹರಡಿರುವ ಇನ್ನೊಂದು ಉಪಾಯ. ವರ್ಚುವಲ್ ಮೆಮೊರಿಯ ಸೆಟ್ಟಿಂಗಿಗೆ ಹೋಗಿ, ರ‍್ಯಾಮಿನಲ್ಲಿ ಹಿಡಿಸದ್ದನ್ನು ವಿಂಡೋಸ್ ಇಡುವ ಪೇಜ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿ, '4 ಜಿಬಿ ರ‍್ಯಾಮನ್ನು 16 ಜಿಬಿ ಮಾಡಿ' ಎನ್ನುವ ವಿಡಿಯೊಗಳಿವೆ. ಹಾಗೆ ಮಾಡಿದ ಮೇಲೆ ಸೆಟ್ಟಿಂಗ್ಸಿನಲ್ಲಿ ಅಬೌಟ್ ಪುಟ ತೆರೆದು ನೋಡಿ, ರ‍್ಯಾಮ್ 4 ಜಿಬಿ ಎಂದೇ ಇರುತ್ತದೆ. ಕಳಚಬಹುದಾದ ಡ್ರೈವಿನ ಮೇಲಿನ ಪೇಜ್ ಫೈಲನ್ನು ವಿಂಡೋಸ್ ಸಾಮಾನ್ಯವಾಗಿ ಬಳಸುವುದೂ ಇಲ್ಲ. ಹೇಗೋ ಬಳಸುವಂತೆ ಮಾಡಿದಿರೋ, ಅಪಾಯ ಅಲ್ಲಿಂದ ಶುರು. ರೆಡಿಬೂಸ್ಟಿನಲ್ಲಿ ಇದ್ದದ್ದು ನಕಲು. ಪೇಜ್ ಫೈಲಿನಲ್ಲಿ ಇರುವುದು ಮೂಲ. ಯಾರದೋ ಕಾಲು ತಗುಲಿ ಪೆನ್‌ಡ್ರೈವ್ ಅಲುಗಿದರೆ ನೀಲಿ ಪರದೆ ಬಂದು, ಸೇವ್ ಮಾಡದ ಕೆಲಸವೆಲ್ಲ ಹೋಗುತ್ತದೆ.

ಪೆನ್‌ಡ್ರೈವನ್ನು ಈ ಕೆಲಸಕ್ಕಾಗಿ ಮಾಡಿಲ್ಲ ಎಂಬುದನ್ನೂ ನೆನಪಿಡಬೇಕು. ಫ್ಲ್ಯಾಶ್ ಚಿಪ್ಪಿನಲ್ಲಿ ನಾಲ್ಕು ಕೆಬಿ ಬದಲಿಸಬೇಕಾದರೂ ಅದನ್ನು ಒಳಗೊಂಡ ದೊಡ್ಡ ಬ್ಲಾಕನ್ನೇ ಅಳಿಸಬೇಕಾಗುತ್ತದೆ. ಆದ್ದರಿಂದಲೇ ಪೊಟ್ಟಣದ ಮೇಲೆ ಸೆಕೆಂಡಿಗೆ ನೂರು ಎಂಬಿ ಎಂದು ಅಚ್ಚಾಗಿರುವ ಪೆನ್‌ಡ್ರೈವ್ ಕೂಡ ಚಿಕ್ಕ ಚಿಕ್ಕ ಬರವಣಿಗೆಗೆ ಬಂದಾಗ ಕುಂಟುತ್ತದೆ. ಯುಎಸ್‌ಬಿ 3.0 ಆದರೇನು, ದಾರಿ ಅಗಲವಾಯಿತೇ ಹೊರತು ಒಳಗಿನ ಚಿಪ್ಪು ಅದೇ. ಅಳಿಸಿ ಬರೆಯುವುದಕ್ಕೂ ಒಂದು ಮಿತಿಯಿದೆ. ಇಂದಿನ ಅಗ್ಗದ ಫ್ಲ್ಯಾಶ್ ಚಿಪ್ಪುಗಳು ಕೆಲವು ನೂರರಿಂದ ಕೆಲವು ಸಾವಿರ ಸಲ ತಡೆಯುತ್ತವೆ, ಆಮೇಲೆ ಸೋಲುತ್ತವೆ. ಎಸ್‌ಎಸ್‌ಡಿಯಲ್ಲೂ ಫ್ಲ್ಯಾಶೇ ಇರುವುದು. ಆದರೆ ಸವೆತವನ್ನು ಎಲ್ಲ ಕಡೆ ಹಂಚುವ, ಹಲವು ಚಿಪ್ಪುಗಳನ್ನು ಒಟ್ಟಿಗೆ ದುಡಿಸುವ ಸಮರ್ಥ ನಿಯಂತ್ರಕ ಅದರಲ್ಲಿರುತ್ತದೆ. ಕಡಿಮೆ ಬೆಲೆಯ ಪೆನ್‌ಡ್ರೈವಿನಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಮೊಬೈಲ್ ಕಂಪನಿಗಳು '4+4 ಜಿಬಿ ರ‍್ಯಾಮ್' ಎಂದು ಜಾಹೀರಾತು ಕೊಡುವುದೂ ಇದೇ ಜಾತಿಯ ಮಾತು. ಎರಡನೇ ನಾಲ್ಕು ರ‍್ಯಾಮ್ ಅಲ್ಲ, ಫೋನಿನ ಸ್ಟೋರೇಜಿನ ಒಂದು ತುಂಡು.

ನನ್ನ ಕೋಪಕ್ಕೆ ದೊಡ್ಡ ಕಾರಣ ಬೇರೆಯದೇ ಇದೆ. ನಿಧಾನವಾಗುವುದು ಎಷ್ಟೋ ಸಲ ಹಾರ್ಡ್ ಡಿಸ್ಕ್ ಸಾಯುತ್ತಿರುವುದರ ಲಕ್ಷಣ. ತಟ್ಟೆಯ ಮೇಲೆ ಕೆಟ್ಟ ಜಾಗಗಳು ಹುಟ್ಟಿಕೊಂಡಾಗ ಡಿಸ್ಕ್ ಒಂದೇ ತುಣುಕನ್ನು ಮತ್ತೆ ಮತ್ತೆ ಓದಲು ಹೆಣಗುತ್ತದೆ. ಬಳಸುವವರಿಗೆ ಅದು 'ಹ್ಯಾಂಗ್ ಆಗ್ತಿದೆ' ಎಂದು ಕಾಣುತ್ತದೆ. ಡಿಸ್ಕಿನೊಳಗೇ ಇರುವ ಸ್ಮಾರ್ಟ್ ಎಂಬ ವ್ಯವಸ್ಥೆ ಇಂಥ ಕೆಟ್ಟ ಜಾಗಗಳ ಎಣಿಕೆ ಇಟ್ಟಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿದರೆ ಡಿಸ್ಕಿನ ಸ್ಥಿತಿ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆ ಗಳಿಗೆಯಲ್ಲಿ ಮಾಡಬೇಕಾದದ್ದು ಒಂದೇ, ಇರುವ ಫೋಟೊಗಳನ್ನು, ಲೆಕ್ಕಪತ್ರಗಳನ್ನು, ಮಕ್ಕಳ ಪ್ರಾಜೆಕ್ಟುಗಳನ್ನು ಬೇರೆ ಕಡೆ ನಕಲು ಮಾಡಿ ಡಿಸ್ಕ್ ಬದಲಿಸುವುದು. ಅದರ ಬದಲು ಪೆನ್‌ಡ್ರೈವ್ ಚುಚ್ಚಿ 'ಇನ್ನೊಂದಷ್ಟು ದಿನ ನೋಡೋಣ' ಎಂದರೆ ಎಚ್ಚರಿಕೆಯ ಗಂಟೆಯ ಬಾಯಿಗೆ ಬಟ್ಟೆ ತುರುಕಿದ ಹಾಗಾಯಿತು. ಮದುವೆಯ ಫೋಟೊಗಳು ಮರಳಿ ಸಿಗುವುದಿಲ್ಲ. ಸಹಕಾರ ಸಂಘದ ಹತ್ತು ವರ್ಷದ ಲೆಕ್ಕವೂ ಸಿಗುವುದಿಲ್ಲ. ಹೆಚ್ಚು ದುಃಖದ ಸಂಗತಿಯೆಂದರೆ, ಆ ಬ್ಯಾಕಪ್ಪಿಗೆ ಬೇಕಾಗಿದ್ದ ಪೆನ್‌ಡ್ರೈವ್ ಅಲ್ಲೇ ಚುಚ್ಚಿಕೊಂಡಿರುತ್ತದೆ, ಆಗದ ಕೆಲಸ ಮಾಡಲೆಂದು!

'ದುಡ್ಡಿದ್ದವರು ರ‍್ಯಾಮ್ ಹಾಕಿಸಲಿ, ಇಲ್ಲದವರು ಏನು ಮಾಡಬೇಕು?' ಎಂಬುದು ಗಂಭೀರವಾದ ಆಕ್ಷೇಪ. ಈಚೆಗೆ ಮೆಮೊರಿ ಬೆಲೆ ಏರಿರುವುದೂ ಹೌದು. ಆದರೆ ಈ ಆಕ್ಷೇಪ ಪೆನ್‌ಡ್ರೈವಿನ ಪರವಾಗಿ ವಾದಿಸುವುದಿಲ್ಲ. ಮೊದಲಿಗೆ, ದುಡ್ಡೇ ಬೇಡದ ಕೆಲಸಗಳಿವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಮೆಮೊರಿ ತುಂಬಿದೆಯೋ, ಡಿಸ್ಕ್ ನೂರಕ್ಕೆ ನೂರಿದೆಯೋ, ಯಾವ ಪ್ರೋಗ್ರಾಮ್ ತಿನ್ನುತ್ತಿದೆಯೋ ಅಲ್ಲೇ ಕಾಣುತ್ತದೆ. ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಲು ಒಂದು ರೂಪಾಯಿಯೂ ಖರ್ಚಿಲ್ಲ. ಎರಡನೆಯದಾಗಿ, ಹೊಸ ಪೆನ್‌ಡ್ರೈವ್ ಕೊಳ್ಳಲು ಹೊರಟವರ ಕೈಯಲ್ಲಿ ದುಡ್ಡು ಸ್ವಲ್ಪವಾದರೂ ಇದೆ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹಳೆಯ ಕಂಪ್ಯೂಟರುಗಳಿಗೆ ಹೊಂದುವ ಬಳಸಿದ ಡಿಡಿಆರ್3 ರ‍್ಯಾಮ್ ಸಿಗುತ್ತದೆ. ಪೆನ್‌ಡ್ರೈವಿನ ದುಡ್ಡನ್ನು ಅದಕ್ಕೆ ಸೇರಿಸುವುದು ಮೇಲು. ತಿರುಗುವ ಡಿಸ್ಕ್ ಇರುವ ಯಂತ್ರಕ್ಕೆ ಒಂದು ಚಿಕ್ಕ ಸಾಟಾ ಎಸ್‌ಎಸ್‌ಡಿ ಹಾಕಿಸಿದರಂತೂ, ಎಪ್ಪತ್ತು ಓದುಗಳ ಜಾಗದಲ್ಲಿ ಸೆಕೆಂಡಿಗೆ ಸಾವಿರಾರು ಓದುಗಳು ಸಿಗುತ್ತವೆ. ಹತ್ತು ವರ್ಷದ ಲ್ಯಾಪ್‌ಟಾಪ್ ಕೂಡ ಆಗ ಇನ್ನಷ್ಟು ವರ್ಷ ಬಾಳುತ್ತದೆ. ದುಡ್ಡು ಒಟ್ಟಾಗುವವರೆಗೆ ಕಾಯಬೇಕಾದರೆ ಕಾಯಿರಿ, ನಡುವೆ ಪೆನ್‌ಡ್ರೈವಿಗೆ ಸುರಿದು ಆ ದಿನವನ್ನು ಇನ್ನೂ ದೂರ ತಳ್ಳಬೇಡಿ.

ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ, 32 ಜಿಬಿ ಇಎಂಎಂಸಿ ಸ್ಟೋರೇಜಿನ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಏನೂ ಸೇರಿಸಲಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಇಎಂಎಂಸಿಯೂ ಫ್ಲ್ಯಾಶೇ. ಅದಕ್ಕೆ ಪೆನ್‌ಡ್ರೈವ್ ಸೇರಿಸಿದರೆ ವೇಗದ ಲಾಭ ಎಲ್ಲಿಂದ ಬರಬೇಕು? ಅಂಥ ಯಂತ್ರಗಳಿಗೂ ಶಾಲೆಯ ಲ್ಯಾಬುಗಳ ಹಳೆಯ ಯಂತ್ರಗಳಿಗೂ ಲುಬುಂಟುವಿನಂಥ ಹಗುರ ಲಿನಕ್ಸ್ ಹಾಕುವುದು ಸರಿಯಾದ ದಾರಿ. ಪಪ್ಪಿ ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ಬೂಟ್ ಮಾಡಬಹುದು. ಅದು ತನ್ನನ್ನು ರ‍್ಯಾಮಿಗೆ ತುಂಬಿಕೊಂಡು ಓಡುತ್ತದೆ. ಅಲ್ಲಿ ಕಾಣುವ ಚುರುಕು ಹಗುರವಾದ ವ್ಯವಸ್ಥೆಯದು, ರ‍್ಯಾಮಿನದು. ಪೆನ್‌ಡ್ರೈವ್ ಅದನ್ನು ಹೊತ್ತು ತಂದಿದೆ ಅಷ್ಟೆ.

ರೆಡಿಬೂಸ್ಟಿಗೆ ಅದರ ತಾಯಿಮನೆಯಲ್ಲೇ ಏನಾಯಿತು ಎಂಬುದನ್ನು ಈ ಸಲಹೆ ಕೊಡುವವರು ಗಮನಿಸಿಲ್ಲ. ವಿಂಡೋಸ್ 7ರಲ್ಲಿ ಅದನ್ನು ಹಿಗ್ಗಿಸಿ ಎಂಟು ಸಾಧನಗಳವರೆಗೆ, ಒಟ್ಟು 256 ಜಿಬಿವರೆಗೆ ಬಳಸಲು ಬಿಟ್ಟರು. ಅದೇ ವಿಂಡೋಸ್ 7, ಕಂಪ್ಯೂಟರಿನಲ್ಲಿ ಎಸ್‌ಎಸ್‌ಡಿ ಕಂಡರೆ 'ಈ ಯಂತ್ರ ಸಾಕಷ್ಟು ವೇಗವಾಗಿದೆ, ರೆಡಿಬೂಸ್ಟಿನಿಂದ ಹೆಚ್ಚಿನ ಪ್ರಯೋಜನವಿಲ್ಲ' ಎಂಬ ಅರ್ಥದ ಸಂದೇಶ ಕೊಟ್ಟು ಅದನ್ನು ಮುಚ್ಚಿಡುತ್ತದೆ. ಈಚಿನ ವಿಂಡೋಸ್ 11ರಲ್ಲಿ ಆ ಟ್ಯಾಬನ್ನೇ ತೆಗೆದುಹಾಕಿದ್ದಾರೆ. ಮಾಡಿದವರೇ ಕೈಬಿಟ್ಟ ಸೌಲಭ್ಯವನ್ನು ನಾವು ಇನ್ನೂ ಹೊತ್ತು ತಿರುಗುತ್ತಿದ್ದೇವೆ.

ರಿಪೇರಿ ಅಂಗಡಿಗಳ ತಂತ್ರಜ್ಞರಲ್ಲಿ ನನ್ನ ಕೇಳಿಕೆ ಇಷ್ಟೇ: ಕಂಪ್ಯೂಟರ್ ನಿಧಾನವಾಗಿದೆ ಎಂದು ತಂದವರ ಡಿಸ್ಕಿನ ಆರೋಗ್ಯವನ್ನು ಮೊದಲು ನೋಡಿ, ಆಮೇಲೆ ರ‍್ಯಾಮ್ ನೋಡಿ. ಎಸ್‌ಎಸ್‌ಡಿ ಬೇಕಿದ್ದರೆ ಬೇಕು ಎಂದು ಹೇಳಿ, ಅವರ ಬಳಿ ದುಡ್ಡಿಲ್ಲದಿದ್ದರೆ ಬ್ಯಾಕಪ್ ಆದರೂ ಮಾಡಿಕೊಟ್ಟು ಕಳಿಸಿ. ಕಂಪ್ಯೂಟರಿನ ಹಿಂದೆ ಸ್ಪೀಡಿಗೆಂದು ಪೆನ್‌ಡ್ರೈವ್ ಚುಚ್ಚಿಟ್ಟುಕೊಂಡಿರುವ ಓದುಗರು ಅದನ್ನು ಇಂದೇ ತೆಗೆಯಿರಿ, ಖಾಲಿ ಮಾಡಿ, ನಿಮ್ಮ ಮುಖ್ಯವಾದ ಕಡತಗಳನ್ನು ಅದಕ್ಕೆ ನಕಲು ಮಾಡಿ ಬೀರುವಿನಲ್ಲಿಡಿ.